ರೇಣು ಆತ್ಯಾನ ಕಿವಿ

ರೇಣು ಆತ್ಯಾ ಫೋನ್ ಎತ್ತಿದರೆ "ಯಾರು" ಎಂದು ಕೇಳುತ್ತಿರಲಿಲ್ಲ. ಆ ಕಡೆಯವರು ಮಾತಾಡುವ ಮೊದಲು ಒಂದು ಉಸಿರು ಎಳೆದುಕೊಳ್ಳುತ್ತಾರಲ್ಲ, ಅವರಿಗೆ ಅಷ್ಟು ಸಾಕಿತ್ತು. ನಾನು ಮಾಡಿದರೆ "ಹಾಂ, ಹೇಳು ಶೀತಲ" ಎಂದುಬಿಡುತ್ತಿದ್ದರು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ಬೋರ್ಡಿನ ಮುಂದೆ ಕೂತು ಹೊರಗಿನಿಂದ ಬಂದ ಕರೆಯನ್ನು ಒಳಗಿನವರಿಗೆ, ಒಳಗಿನವರ ಕರೆಯನ್ನು ಹೊರಗಿನವರಿಗೆ ಜೋಡಿಸುವ ಕೆಲಸ. ಆ ಖೋಲಿಗೆ ಕಿಟಕಿ ಇರಲಿಲ್ಲ. ನೋಡಲು ಏನೂ ಇಲ್ಲದ್ದರಿಂದ ನೋಡುವುದನ್ನೇ ಬಿಟ್ಟೆ ಎಂದು ಅವರು ಹೇಳುತ್ತಿದ್ದರು. ನಿವೃತ್ತರಾದ ಮೇಲೂ ಹಾಗೆಯೇ ಉಳಿದರು. ಒಗ್ಗರಣೆಯ ಸಾಸಿವೆ ಸಿಡಿದದ್ದನ್ನು ಹಾಲ್‌ನಲ್ಲಿ ಕೂತೇ ಕೇಳಿ "ಎಣ್ಣಿ ಸಾಲಲಿಲ್ಲ" ಎನ್ನುವರು. ಮಿಕ್ಸರ್ ಕೆಟ್ಟರೆ ಅದನ್ನು ತಿರುಗಿಸಿ ನೋಡುವುದಿಲ್ಲ; ಕಣ್ಣು ಮುಚ್ಚಿ ಅದರ ಸದ್ದು ಕೇಳಿ, ಎಲ್ಲಿ ಸವೆದಿದೆ ಎಂದು ಹೇಳುವರು. ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು.

ನಾವಿರುವುದು ಚಿಂಚವಾಡದಲ್ಲಿ, ಅವರ ಮೇಲಿನ ಮಹಡಿಯಲ್ಲಿ. ಕಾಲೇಜು ಬಿಟ್ಟ ಮೇಲೆ ನನ್ನ ಮಧ್ಯಾಹ್ನಗಳು ಹೆಚ್ಚಾಗಿ ಅವರ ಮನೆಯಲ್ಲೇ ಕಳೆದವು. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ನಾನು ಕಂಡದ್ದು. ಕಾಣದೆ ಇದ್ದುದನ್ನು ಯಾರಿಂದ ಕೇಳಿದೆನೆಂದು ಅಲ್ಲಲ್ಲೇ ಹೇಳುತ್ತೇನೆ.

ಆತ್ಯಾ ಮದುವೆಯಾಗಲಿಲ್ಲ. ಮನೆ ಅವರದೇ. ಅವರ ಜೊತೆ ಇದ್ದವರು ಅಣ್ಣನ ಮಗ ಸ್ವಪ್ನಿಲ್ ಮತ್ತು ಅವನ ಹೆಂಡತಿ ಹರ್ಷದಾ. ಅವನಿಗೆ ಅವರು ಆತ್ಯಾ, ಎಂದರೆ ಸೋದರತ್ತೆ; ನಾವೂ ಹಾಗೆಯೇ ಕರೆಯುತ್ತೇವೆ. ಹರ್ಷದಾ ಅವರನ್ನು ನಾನು ವೈನಿ, ಎಂದರೆ ಅತ್ತಿಗೆ, ಎನ್ನುತ್ತೇನೆ.

"ಸುಳ್ಳ ಹೇಳೋವಾಗ ಮನಶ್ಯಾನ ದನಿ ಒಂದ ಎಳಿ ಮ್ಯಾಲೆ ಹೋಗ್ತದ" ಎಂಬುದು ಆತ್ಯಾ ದಿನವೂ ಆಡುವ ಮಾತು. "ಸಾಹೇಬಂದೂ ಹೋಗ್ತದ, ಗೇಟಿನವಂದೂ ಹೋಗ್ತದ." ಅದರ ಬೆನ್ನಿಗೇ ಕಾಡಪ್ಪ ಎನ್ನುವ ಗುಮಾಸ್ತನ ಕಥೆ ಬರುತ್ತಿತ್ತು. ಜ್ವರ ಬಂದಿದೆ ಎಂದು ಅವನು ಒಂದು ಬೆಳಿಗ್ಗೆ ಫೋನ್ ಮಾಡಿದ. ಅವನ ಮಾತಿನ ಹಿಂದೆ ಲೋಣಾವಳಾ ಲೋಕಲ್ ರೈಲಿನ ಅನೌನ್ಸ್‌ಮೆಂಟ್ ಕೇಳಿಸಿತು. ಆತ್ಯಾ ಆ ಲೈನನ್ನು ಅವನ ವಿಭಾಗಕ್ಕೆ ಕೊಡದೆ ನೇರವಾಗಿ ಮ್ಯಾನೇಜರಿಗೆ ಕೊಟ್ಟರು, "ಹಿಂದಿನ ಸಪ್ಪಳ ಕೇಳ್ರಿ ಸಾಹೇಬ" ಎಂದು ಹೇಳಿ. ಕಾಡಪ್ಪನ ನೌಕರಿ ಖಾಯಂ ಆಗಲಿಲ್ಲ. ಕಥೆ ಮುಗಿದಾಗ ಆತ್ಯಾ ನಗುತ್ತಿದ್ದರು, ಕೇಳಿದವರೂ ನಗುತ್ತಿದ್ದರು.

ವೈನಿಯ ವಿಷಯದಲ್ಲಿ ಆದದ್ದನ್ನು ಮಾತ್ರ ಅವರು ಕಥೆ ಮಾಡಿ ಹೇಳಲಿಲ್ಲ. ಅದು ನನ್ನ ಎದುರಿಗೇ ನಡೆದದ್ದು.

ವೈನಿಯ ತಾಯಿ ಹಡಪಸರದಲ್ಲಿ ಒಬ್ಬರೇ ಇದ್ದರು. ಮದುವೆಯಲ್ಲಿ ತನ್ನ ಕಡೆಯವರಿಗೆ ಸರಿಯಾದ ಮರ್ಯಾದೆ ಆಗಲಿಲ್ಲವೆಂದು ಸ್ವಪ್ನಿಲ್ ಆ ಮನೆಗೆ ಹೋಗುವುದನ್ನೇ ಬಿಟ್ಟುಬಿಟ್ಟಿದ್ದ. ವೈನಿಯೂ ಹೋಗಕೂಡದು ಎಂಬುದು ಅವನ ಕಟ್ಟಪ್ಪಣೆ. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದ ಮೇಲೆ ವೈನಿ ಶಿವಾಜಿನಗರದ ಆಫೀಸಿನಿಂದ ಕೆಲವು ದಿನ ಮಧ್ಯಾಹ್ನವೇ ಹೊರಟು, ಹಡಪಸರಕ್ಕೆ ಹೋಗಿ, ತಾಯಿಗೆ ಸ್ನಾನ ಮಾಡಿಸಿ ಉಣ್ಣಿಸಿ, ಸಂಜೆ ಆಫೀಸಿನಿಂದಲೇ ಬಂದವರಂತೆ ಮನೆಗೆ ಬರುತ್ತಿದ್ದರು. ಒಂದು ಮಧ್ಯಾಹ್ನ ಆತ್ಯಾ ಫೋನ್ ಮಾಡಿ ಎಲ್ಲಿದ್ದೀ ಎಂದು ಕೇಳಿದರು. "ಆಫೀಸಿನ್ಯಾಗ ಅದೀನ್ರಿ" ಎಂದರು ವೈನಿ. ಅಂದು ಸ್ವಪ್ನಿಲ್‌ಗೆ ರಜೆ. ಆತ್ಯಾ ಫೋನಿನ ಸ್ಪೀಕರ್ ಒತ್ತಿ ಅವನ ಮುಂದೆ ಹಿಡಿದರು.

"ಕೇಳು. ಟಕ್, ಟಕ್, ಕುಂಯ್. ಮತ್ತ ಟಕ್, ಟಕ್, ಕುಂಯ್. ಇದು ನಿಮ್ಮ ಅತ್ತಿ ಮನಿ ಫ್ಯಾನು. ನಿಶ್ಚಯಕ್ಕ ಹೋದಾಗ ಕೇಳಿದ್ದೆ ನಾ."

ಫೋನಿನಿಂದ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು.

ಮರುದಿನದಿಂದ ಸ್ವಪ್ನಿಲ್ ತಾನೇ ಅವರನ್ನು ಆಫೀಸಿಗೆ ಬಿಟ್ಟು ತಾನೇ ಕರೆತರತೊಡಗಿದ. ಹಡಪಸರದಲ್ಲಿ ನೋಡಿಕೊಳ್ಳುವವರಿಲ್ಲದೆ ವೈನಿಯ ಅಣ್ಣ ತಾಯಿಯನ್ನು ಸೊಲ್ಲಾಪುರಕ್ಕೆ ಒಯ್ದ. ಅಲ್ಲಿಗೆ ಹೋದ ಮೇಲೆ ಆ ಮುದುಕಿಯ ಮಾತು ನಿಂತಿತು. ಅಣ್ಣ ಫೋನನ್ನು ತಾಯಿಯ ಬಾಯಿಯ ಹತ್ತಿರ ಹಿಡಿದರೆ ವೈನಿಗೆ ಕೇಳುವುದು ಉಸಿರು ಅಷ್ಟೆ. ಆತ್ಯಾಗೆ ಇದು ಗೊತ್ತಿತ್ತು. "ಖರೇ ಹೇಳಿ ಹೋಗಿದ್ರ ಯಾರ ಬ್ಯಾಡ ಅಂತಿದ್ರು?" ಎಂದರು. ಸ್ವಪ್ನಿಲ್ ಬೇಡ ಎನ್ನುತ್ತಿದ್ದನೆಂದು ಅವರಿಗೂ ಗೊತ್ತಿತ್ತು.

ಇನ್ನು ಆತ್ಯಾನ ಮನೆಯ ದೊಡ್ಡ ಸ್ಪೀಕರ್‌ಗಳ ವಿಷಯ. ಕಾರ್ಖಾನೆಯ ಕಾಮಗಾರರ ಕ್ಲಬ್ಬಿನಲ್ಲಿ ಹಿಂದೆ ಶನಿವಾರದ ದಿನ ಸಿನೆಮಾ ತೋರಿಸುತ್ತಿದ್ದರಂತೆ. ಪರದೆಯ ಎಡಕ್ಕೊಂದು ಬಲಕ್ಕೊಂದು ಮರದ ಸ್ಪೀಕರ್. ಸೊಂಟದಷ್ಟು ಎತ್ತರ, ಮುಂದೆ ಕಂದು ಬಣ್ಣದ ಬಟ್ಟೆ. ಯಾವನೋ ವಿಲಾಯತಿ ಎಂಜಿನಿಯರ್ ತನ್ನ ದೇಶಕ್ಕೆ ಮರಳುವಾಗ ಕ್ಲಬ್ಬಿಗೆ ಬಿಟ್ಟುಹೋದದ್ದು. ಕ್ಲಬ್ಬು ಮುಚ್ಚಿದಾಗ ಅವುಗಳಿಗೆ ಆಸೆಪಟ್ಟವರು ಇಬ್ಬರೇ: ಆತ್ಯಾ, ಮತ್ತು ಕಾರ್ಖಾನೆಯ ಎಲೆಕ್ಟ್ರಿಶಿಯನ್ ಲಾಲಪ್ಪ ಕಾಕಾ. ಚೀಟಿ ಹಾಕಿ ಎತ್ತಿದರು. ಆತ್ಯಾನ ಹೆಸರು ಬಂತು. ಮುಂದೆ ಲಾಲಪ್ಪ ಕಾಕಾ ಬುಧವಾರ ಪೇಟೆಯ ಗಲ್ಲಿಯಲ್ಲಿ ಹಳೆಯ ರೇಡಿಯೋ, ಆಂಪ್ಲಿಫೈಯರ್‌ಗಳ ಅಂಗಡಿ ಇಟ್ಟರು. ಆಗೊಮ್ಮೆ ಈಗೊಮ್ಮೆ ಬಂದು, ಚಹಾ ಕುಡಿದು, ಸ್ಪೀಕರಿನ ಮರದ ಮೇಲೆ ಕೈಯಾಡಿಸಿ, "ಬ್ಯಾಸರಾದಾಗ ನನಗ ಹೇಳ್ರಿ ರೇಣುಬಾಯಿ" ಎಂದು ಹೋಗುತ್ತಿದ್ದರು.

ಆತ್ಯಾಗೆ ಬೇಸರವಾಗುವ ಪ್ರಶ್ನೆಯೇ ಇರಲಿಲ್ಲ. ಬೆಳಿಗ್ಗೆ ಅವುಗಳಲ್ಲಿ ಅಭಂಗ, ವಚನ. ಭಾನುವಾರ ಮಧ್ಯಾಹ್ನ ಟಿವಿಯ ಸಿನೆಮಾದ ಸದ್ದೂ ಅವುಗಳಿಂದಲೇ. ಎರಡಕ್ಕೂ ಸರಿಯಾಗಿ ನಡುವೆ ಅವರ ಬೆತ್ತದ ಕುರ್ಚಿ. ಉಳಿದವರು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಒಮ್ಮೆ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ ಹೇಳಿದ್ದರು: "ಹಾಡಾಂವ ಎಡಕ ಇಲ್ಲ, ಬಲಕ ಇಲ್ಲ. ನಡುವ, ಬರೇ ಗಾಳ್ಯಾಗ ನಿಂತಾನ ನೋಡು. ಹಂಗ ನಿಂತ್ರ ಮಾತ್ರ ಸದ್ದು ಖರೇ." ಹೌದು, ಹಾಗೆಯೇ ಇತ್ತು. ಏನೂ ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯ ನಿಂತು ಹಾಡುತ್ತಿದ್ದ.

ಹೋದ ವರ್ಷ ಶ್ರಾವಣದಲ್ಲಿ, ಒಂದು ಸಿನೆಮಾದ ನಡುವೆ, ಹಳೆಯ ಆಂಪ್ಲಿಫೈಯರ್ ಸುಟ್ಟ ವಾಸನೆ ಬಂದು ನಿಂತುಹೋಯಿತು. ಇನ್ನು ಅದು ರಿಪೇರಿ ಆಗುವುದಿಲ್ಲ ಎಂದರು ಲಾಲಪ್ಪ ಕಾಕಾ.

"ಭಾಳ ಛಲೋ ಆತು" ಎಂದ ಸ್ವಪ್ನಿಲ್. "ಈ ಎರಡು ಕಪಾಟು ತಗದ್ರ ಹಾಲ್‌ನ್ಯಾಗ ಜಾಗಾ ಆಗ್ತದ. ಟಿವಿ ಕೆಳಗ ಒಂದು ಸೌಂಡ್‌ಬಾರ್ ಇಟ್ರ ಮುಗೀತು."

"ಆ ಉದ್ದನ ಪಟ್ಟಿ? ಅದು ಸೌಂಡ್ ಅಲ್ಲೋ, ಡಬರಿ ಬಡದಂಗ ಆಗ್ತದ. ನಿನ್ನ ಕಿವಿಗೆ ಅದ ಸಾಕು. ನೀ ಲಗ್ನದಾಗ ಬ್ಯಾಂಡಿನವರ ಮುಂದ ಕುಣಿದಾಂವ."

ರಿಸೀವರ್ ಕೊಳ್ಳುವುದೆಂದು ಆತ್ಯಾ ತೀರ್ಮಾನಿಸಿದರು. ರೇಡಿಯೋ, ಆಂಪ್ಲಿಫೈಯರ್ ಎಲ್ಲ ಒಂದೇ ಡಬ್ಬಿಯಲ್ಲಿರುವ ಯಂತ್ರಕ್ಕೆ ರಿಸೀವರ್ ಎನ್ನುತ್ತಾರೆ. ಆದರೆ ಆ ಸ್ಪೀಕರ್‌ಗಳಿಗೆ ಎಲ್ಲವೂ ಒಗ್ಗುವುದಿಲ್ಲ. ಅವು ಬಹಳ ಕರೆಂಟು ಎಳೆಯುವ ಜಾತಿಯವು. ದುರ್ಬಲ ಯಂತ್ರ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಲಾಲಪ್ಪ ಕಾಕಾ ತಮ್ಮ ಅಂಗಡಿಯಿಂದ ಎರಡನ್ನು ಆರಿಸಿದರು. ಒಂದು ಬೆಳ್ಳಿ ಬಣ್ಣದ ಹಳೆಯದು, ಇಬ್ಬರು ಎತ್ತಬೇಕಾದಷ್ಟು ಭಾರ. ಹಾಡಿಗೆ ಅದರಷ್ಟು ಒಳ್ಳೆಯದಿಲ್ಲ, ಆದರೆ ಟಿವಿಯನ್ನು ನೇರ ಜೋಡಿಸಲು ಜಾಗವಿಲ್ಲ. ಇನ್ನೊಂದು ಕಪ್ಪು, ಈಚಿನದು. ಸಿನೆಮಾಕ್ಕೆಂದೇ ಮಾಡಿದ್ದು, ಹಾಡಿಗೆ ಹೇಗೋ ಕೇಳಿಯೇ ನೋಡಬೇಕು. ಎರಡನ್ನೂ ಮನೆಯಲ್ಲಿಟ್ಟು ಕೇಳಿ, ಬೇಕಾದ್ದನ್ನು ಇಟ್ಟುಕೊಳ್ಳಿ ಎಂದರು.

ಆತ್ಯಾ ಅದನ್ನೊಂದು ಸಮಾರಂಭ ಮಾಡಿದರು. ಭಾನುವಾರ ನಾಲ್ಕು ಜನರ ಮುಂದೆ ಕಣ್ಣು ಮುಚ್ಚಿ ಕೂರುತ್ತೇನೆ, ಸ್ವಪ್ನಿಲ್ ಬದಲಿಸಿ ಬದಲಿಸಿ ಹಾಕಲಿ, ಯಾವುದು ಒಳ್ಳೆಯದೆಂದು ಹೇಳುತ್ತೇನೆ ಎಂದರು.

ಯಾಕೆ ಹಾಗೆ ಮಾಡಿದರೆಂಬುದು ಆಮೇಲೆ ಅವ್ವನಿಂದ, ವೈನಿಯಿಂದ ತಿಳಿಯಿತು. ಕೆಲವು ಕಾಲದಿಂದ ಅವರ ಎಡಗಿವಿಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಆಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಬ್ಯಾಂಕಿನ ಕೆಲಸವಿದೆ ಎಂದು ಹೋಗಿ ಕಿವಿಯ ಡಾಕ್ಟರರನ್ನು ಕಂಡು ಬಂದಿದ್ದರು. ವಯಸ್ಸಿನದು, ಸದ್ಯಕ್ಕೆ ಹೆದರುವಂಥದ್ದೇನಿಲ್ಲ ಎಂದಿದ್ದರಂತೆ ಡಾಕ್ಟರು. ಆತ್ಯಾಗೆ ಆ ಮಾತು ಸಾಲಲಿಲ್ಲ. ಕಿವಿ ಹೋದರೆ ತನ್ನದೆನ್ನುವುದು ಏನೂ ಉಳಿಯುವುದಿಲ್ಲ ಎಂಬ ಭಯ. ತಮ್ಮ ಕಿವಿ ಇನ್ನೂ ಇದೆ ಎಂದು ಜನರ ಮುಂದೆ ಒಮ್ಮೆ ಖಾತ್ರಿ ಮಾಡಿಕೊಳ್ಳಬೇಕಾಗಿತ್ತು. ಈ ಭಯವನ್ನು ಮನೆಯಲ್ಲಿ ಒಬ್ಬರು ಮಾತ್ರ ಕಂಡುಹಿಡಿದಿದ್ದರು. ಕುಕ್ಕರ್ ಸೀಟಿ ಹಾಕಿತೇ ಎಂದು ಆತ್ಯಾ ಎರಡು ಸಲ ಕೇಳಿದಾಗ ಎರಡು ಸಲವೂ ಉತ್ತರ ಕೊಟ್ಟವರು ವೈನಿ. ಡಾಕ್ಟರ ಚೀಟಿಯನ್ನು ಆತ್ಯಾನ ಪರ್ಸಿನಲ್ಲಿ ಕಂಡವರೂ ವೈನಿಯೇ.

ಲಾಲಪ್ಪ ಕಾಕಾ ರಿಸೀವರ್‌ಗಳನ್ನು ತಂದದ್ದು ಗುರುವಾರ. ನಮ್ಮಲ್ಲಿ ಗುರುವಾರ ರಿಪೇರಿಗೆಂದು ಕರೆಂಟು ತೆಗೆಯುತ್ತಾರೆ. ಅವರು ಅದನ್ನು ಮರೆತಿದ್ದರು. ಟಾರ್ಚ್ ಬೆಳಕಿನಲ್ಲಿಯೇ ಸ್ಪೀಕರ್‌ಗಳಿಗೆ ಹೊಸ ವೈರು ಹಾಕಿದರು. ಟಾರ್ಚ್ ಹಿಡಿದವರು ವೈನಿ. ಆಗ ನಡೆದ ಮಾತನ್ನು ವೈನಿಯೇ ನನಗೆ ಎಲ್ಲ ಮುಗಿದ ಮೇಲೆ ಹೇಳಿದರು.

"ಕೆಂಪಿಗೆ ಕೆಂಪು, ಕರಿಗೆ ಕರೀದು" ಎಂದರಂತೆ ಕಾಕಾ. "ಒಂದು ಸ್ಪೀಕರಿಗೆ ಇದು ಉಲ್ಟಾ ಆತಂದ್ರ ಎರಡೂ ಜಗಳಾ ಆಡತಾವು. ಒಂದು ಮುಂದ ನೂಕ್ತದ, ಒಂದು ಹಿಂದ ಎಳೀತದ. ಢಮ್ ಅನ್ನೋ ಸದ್ದೆಲ್ಲಾ ಸತ್ತು ಹೋಗ್ತದ. ನಡುವ ನಿಂತಾಂವ ನಡುವ ಇರೂದಿಲ್ಲ, ಎಲ್ಲೆ ಅದಾನಂತ ಗೊತ್ತಾಗೂದಿಲ್ಲ."

"ಮತ್ತ ಸುಡ್ತದೇನ್ರಿ ಕಾಕಾ?"

"ಏನೂ ಸುಡೂದಿಲ್ಲ. ಅದಕ್ಕ ಮಂದಿಗೆ ಗೊತ್ತಾಗೂದಿಲ್ಲ. ಕಿವಿ ಇದ್ದಾಂವಗ ಮಾತ್ರ ಹುಚ್ಚ ಹಿಡೀತದ."

ಆತ್ಯಾ ಅಡುಗೆಮನೆಯಿಂದ ಕೂಗಿ ಕರೆಂಟು ಬಂದ ಮೇಲೂ ಯಾರೂ ಹಚ್ಚಕೂಡದು ಎಂದರು. ಮೊದಲೇ ಕೇಳಿದರೆ ಪರೀಕ್ಷೆ ಹೇಗಾಗುತ್ತದೆ, ಭಾನುವಾರವೇ ಕೇಳೋಣ. ಭಾನುವಾರ ಕಾಕಾ ಮಿರಜಿನಲ್ಲಿ ಒಂದು ಲಗ್ನಕ್ಕೆ ಹೋಗಬೇಕಿತ್ತು.

ಶನಿವಾರ ನೆಲ ಒರೆಸುವಾಗ ವೈನಿ ಬಲಗಡೆಯ ಸ್ಪೀಕರನ್ನು ಸ್ವಲ್ಪ ಸರಿಸಿ, ಹಿಂದಿನ ಎರಡು ತಿರುಪು ಸಡಿಲಿಸಿ, ಕೆಂಪು ವೈರನ್ನು ಕಪ್ಪಿಗೆ, ಕಪ್ಪನ್ನು ಕೆಂಪಿಗೆ ಹಾಕಿ ಬಿಗಿದರು. ಹಿಂದೆ ಬಗ್ಗಿ ನೋಡಿದವರಿಗೆ ಅದು ಕಾಣುವ ಹಾಗೆಯೇ ಇತ್ತು. ಆತ್ಯಾ ಬಗ್ಗಿ ನೋಡುವವರಲ್ಲ ಎಂದು ವೈನಿಗೆ ಗೊತ್ತಿತ್ತು.

ಭಾನುವಾರ ಬಂದವರು ನನ್ನ ಅವ್ವ, ನಾನು ಮತ್ತು ಕನ್ನಡ ಮಹಿಳಾ ಮಂಡಳದ ಪಂಕಜಾಕ್ಷಿ ಅಕ್ಕ. ಪಂಕಜಾಕ್ಷಿ ಅಕ್ಕ ಉಡುಪಿ ಕಡೆಯವರು. ಸ್ಟೇಷನ್ ರಸ್ತೆಯಲ್ಲಿ ಅವರದು ಹೋಟೆಲು. ಹೋಟೆಲಿನ ಮೇಲಿನ ಹಾಲ್‌ಗೆ ಸ್ಪೀಕರ್ ಬೇಕಾಗಿತ್ತು. ಆತ್ಯಾನನ್ನು ಕರೆದುಕೊಂಡು ಹೋಗಿ ಆರಿಸುವುದೆಂದು ಮಾತಾಗಿತ್ತು. ಒಂದು ಡಬ್ಬಿ ಬನ್ಸ್ ತಂದಿದ್ದರು.

ಆತ್ಯಾ ಇಳಕಲ್ ಸೀರೆ ಉಟ್ಟು ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. "ಹಾಕು" ಎಂದರು. ಸ್ವಪ್ನಿಲ್ ಮೊದಲು ಬೆಳ್ಳಿ ಬಣ್ಣದ್ದನ್ನು ಹಾಕಿದ. ಅವರು ದಿನವೂ ಕೇಳುವ ಅಭಂಗ.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲು ಹುಬ್ಬು ಗಂಟಿಕ್ಕಿತು. ಆಮೇಲೆ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು. ತುಸು ಮುಂದಕ್ಕೆ. ತಲೆಯನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು.

"ಡಗ್ಗಾ ಎಲ್ಲೆ?" ಎಂದರು. ತಬಲಾ ಜೋಡಿಯಲ್ಲಿ ಢಮ್ ಎನ್ನುವುದು ಡಗ್ಗಾ.

"ಬಾರಸಾಕತ್ತಾರಲ್ರಿ ಆತ್ಯಾ" ಎಂದ ಸ್ವಪ್ನಿಲ್.

"ಹಾಡಾಂವ ಎಲ್ಲೆ ಅದಾನ?"

"ಎಲ್ಲೆ ಅಂದ್ರ? ಡಬ್ಬ್ಯಾಗ ಅದಾನ. ಹೊರಗ ಕರೀಲೇನು, ಚಹಾ ಕುಡೀತಾನೇನೋ."

ಎಲ್ಲರೂ ನಕ್ಕರು. "ನಂಗೆ ಚಂದ ಕೇಳ್ತಾ ಉಂಟಪ್ಪ" ಎಂದರು ಪಂಕಜಾಕ್ಷಿ ಅಕ್ಕ. ಅವ್ವನೂ ಹೂಂ ಎಂದಳು. ನನಗೂ ಏನೋ ಖಾಲಿ ಅನ್ನಿಸಿತು, ಆದರೆ ನಾನು ಬಾಗಿಲ ಬಳಿ ಕೂತಿದ್ದೆ. ಅಲ್ಲಿಂದ ಹಾಗೆಯೇ ಇರಬಹುದು ಎಂದುಕೊಂಡೆ.

"ಚಂದ ಕೇಳಸ್ತದಲ್ರಿ ಆತ್ಯಾ" ಎಂದರು ವೈನಿ, ಬನ್ಸಿನ ತಟ್ಟೆ ಹಿಡಿದುಕೊಂಡು.

"ಇನ್ನೊಂದು ಹಾಕು" ಎಂದರು ಆತ್ಯಾ.

ಸ್ವಪ್ನಿಲ್ ವೈರುಗಳನ್ನು ಕಪ್ಪು ರಿಸೀವರಿಗೆ ಬದಲಿಸಿದ. ಅವನು ಬದಲಿಸಿದ್ದು ರಿಸೀವರಿನ ತುದಿಯನ್ನು. ಸ್ಪೀಕರಿನ ತುದಿ ಇದ್ದ ಹಾಗೆಯೇ ಇತ್ತು. ಅದೇ ಅಭಂಗ. ಆಮೇ​ಲೆ ಒಂದು ಸಿನೆಮಾದ ಕೋರ್ಟಿನ ದೃಶ್ಯ. ಟಿವಿಯ ನಡುವೆ ವಕೀಲನ ಬಾಯಿ ಆಡುತ್ತಿತ್ತು. ಆತ್ಯಾ ಕಣ್ಣು ತೆರೆದು ಅವನ ಬಾಯಿಯನ್ನೇ ನೋಡಿದರು. ಅವರು ಟಿವಿಯ ಮುಂದೆ ಹಾಗೆ ಕಣ್ಣಿಟ್ಟು ನೋಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮತ್ತೆ ಬೆಳ್ಳಿಯದನ್ನು ಹಾಕಿಸಿದರು. ಮತ್ತೆ ಕಪ್ಪು. ಹಣೆಯ ಮೇಲೆ ಬೆವರು ಬಂದಿತ್ತು.

ಆ ಹೊತ್ತು ತಲೆಯಲ್ಲಿ ಏನು ನಡೆಯಿತೆಂದು ಅವರು ಮುಂದೆ ಒಂದು ದಿನ ನನ್ನ ಅವ್ವನಿಗೆ ಹೇಳಿದರು. ಒಂದು ರಿಸೀವರಿನಲ್ಲಿ ಹೀಗೆ ಕೇಳಿದ್ದರೆ ರಿಸೀವರ್ ಕೆಟ್ಟಿದೆ ಎನ್ನಬಹುದಿತ್ತು. ಎರಡರಲ್ಲೂ ಒಂದೇ ತರಹ. ಸ್ಪೀಕರ್ ಹಳೆಯವೇ, ವೈರು ಹಾಕಿದವರು ಲಾಲಪ್ಪ. ಕೇಳಿದವರೆಲ್ಲ ಚಂದ ಇದೆ ಎನ್ನುತ್ತಿದ್ದಾರೆ. ಉಳಿದದ್ದು ಇನ್ನೇನು.

"ಹಾಂ, ಹೇಳಿ ಮತ್ತೆ" ಎಂದರು ಪಂಕಜಾಕ್ಷಿ ಅಕ್ಕ. "ಯಾವುದು ಒಳ್ಳೇದು?"

ಆತ್ಯಾ ಸೆರಗಿನಿಂದ ಹಣೆ ಒರೆಸಿಕೊಂಡರು. "ಕರೀದು" ಎಂದರು. "ಬೆಳ್ಳೀದರಾಗ ಹಾಡು ಸ್ವಲ್ಪ ಮೆತ್ತಗ ಆಗ್ತದ. ಕರೀದರಾಗ ಮಾತು ಸ್ವಚ್ಛ. ಡಗ್ಗಾನೂ ಛಲೋ ಅದ. ಭಾಳ ಫರಕ್ ಅದ ಎರಡಕ್ಕೂ."

ವೈನಿ ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟರು.

"ಆತ್ಯಾ, ನಿಮ್ಮ ದನಿ ಒಂದ ಎಳಿ ಮ್ಯಾಲೆ ಹೋತಲ್ರಿ."

ಆತ್ಯಾ ಅವರತ್ತ ತಿರುಗಿದರು.

"ಎಂತ ಅದು ಎಳೆ?" ಎಂದು ಪಂಕಜಾಕ್ಷಿ ಅಕ್ಕ ಕೇಳಿದರು. ಸ್ವಪ್ನಿಲ್ ನಗುತ್ತ ವಿವರಿಸಿದ. ಕಾಡಪ್ಪನ ಕಥೆಯನ್ನೂ ಸೇರಿಸಿದ. ಅವನು ಮುಗಿಸುವವರೆಗೆ ವೈನಿ ಕಾದರು.

"ಎರಡರಾಗ ಫರಕ್ ನಿಮಗ ಗೊತ್ತಾಗಿಲ್ಲ" ಎಂದರು. ದನಿ ಬಹಳ ಮೆತ್ತಗಿತ್ತು. "ಡಗ್ಗಾ ಎಲ್ಲೆ ಅಂತ ಈಗ ಕೇಳಿದ್ರಿ, ಈಗ ಡಗ್ಗಾ ಛಲೋ ಅದ ಅಂತೀರಿ. ಕುಕ್ಕರ್ ಸೀಟಿ ಆತೇನು ಅಂತ ನನ್ನ ಕೇಳ್ತೀರಿ. ಬ್ಯಾಂಕಿಗೆ ಹೋಗ್ತೀನಂತ ಹೇಳಿ ಕಿವಿ ಡಾಕ್ಟರ ಕಡೆ ಹೋಗಿದ್ರಿ. ಖರೇ ಹೇಳಿ ಹೋಗಿದ್ರ ಯಾರ ಬ್ಯಾಡ ಅಂತಿದ್ರು?"

ಸ್ವಪ್ನಿಲ್‌ಗೆ ನಗು ತಡೆಯಲಾಗಲಿಲ್ಲ. "ಅಂದ್ರ ನಮ್ಮ ಕಿವ್ಯಾಗ ದಿನಾ ತಪ್ಪು ತಗದವರಿಗೆ ಫ್ಯಾನೂ ಕೇಳಸೂದಿಲ್ಲೇನು ಈಗ" ಎಂದ. ಹೆಂಡತಿಯ ಮುಖ ನೋಡಿ ಸುಮ್ಮನಾದ.

ಪಂಕಜಾಕ್ಷಿ ಅಕ್ಕ ಎದ್ದು ಬಂದು ಆತ್ಯಾನ ಭುಜ ಸವರಿದರು. ಆತ್ಯಾನ ಕಿವಿಯ ಹತ್ತಿರ ಬಗ್ಗಿ, ದೊಡ್ಡ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ವಯಸ್ಸಾದ ಮೇಲೆ ಆಗ್ತದೆ ಮಾರಾಯ್ತಿ. ಹೋಟೆಲಿನ ಸ್ಪೀಕರು ಮಗ ಆನ್‌ಲೈನಲ್ಲಿ ತರಿಸ್ತಾನೆ. ನೀವು ತಲೆಬಿಸಿ ಮಾಡ್ಬೇಡಿ."

ಅವರು ಕೂಗಿ ಹೇಳಬೇಕಾಗಿರಲಿಲ್ಲ. ಆತ್ಯಾಗೆ ಎಲ್ಲವೂ ಕೇಳುತ್ತಿತ್ತು. ಆ ಹಾಲ್‌ನಲ್ಲಿ ಅಂದು ಸರಿಯಾಗಿ ಕೇಳಿಸಿಕೊಂಡವರು ಅವರೊಬ್ಬರೇ.

ಅದರ ಮುಂದಿನ ವಾರ ಆತ್ಯಾ ಲಾಲಪ್ಪ ಕಾಕಾನನ್ನು ಕರೆಸಿ, ಎರಡು ರಿಸೀವರ್ ಜೊತೆ ಸ್ಪೀಕರ್‌ಗಳನ್ನೂ ಒಯ್ಯಿರಿ ಎಂದರು. ಬದಲಿಗೆ ಏನೂ ಬೇಡ ಎಂದರು. ಕಾಕಾ ಯಾಕೆ ಎಂದು ಒಂದೇ ಸಲ ಕೇಳಿದರು.

"ಬ್ಯಾಸರಾತು" ಎಂದು ಹೇಳಿ ಆತ್ಯಾ ಒಳಗೆ ಹೋಗಿ ಮಲಗಿದರು.

ಟೆಂಪೋ ಕೆಳಗೆ ನಿಂತಿತ್ತು. ಕಾಕಾ ವೈರು ಬಿಚ್ಚಲು ಎಡಗಡೆಯ ಸ್ಪೀಕರಿನ ಹಿಂದೆ ಬಗ್ಗಿದರು, ಆಮೇಲೆ ಬಲಗಡೆಯದರ ಹಿಂದೆ. ಅಲ್ಲಿ ಬಗ್ಗಿದವರು ತಟ್ಟನೆ ಏಳಲಿಲ್ಲ. ಆಮೇಲೆ ತಲೆಯೆತ್ತಿ ವೈನಿಯನ್ನು ನೋಡಿದರಂತೆ. ವೈನಿಯೂ ಕಣ್ಣು ತಪ್ಪಿಸದೆ ನೋಡಿದರಂತೆ. ಆತ್ಯಾ ಮಲಗಿದ ಕೋಣೆಯ ಬಾಗಿಲು ತೆರೆದೇ ಇತ್ತು. ಕಾಕಾ ಇದ್ದಲ್ಲಿಂದಲೇ ಒಂದು ಮಾತು ಕೂಗಿದ್ದರೆ ಸಾಕಿತ್ತು. ಕಾಕಾ ತಿರುಪು ಬಿಚ್ಚಿ ವೈರನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. "ಹಗೂರಕ ಒಯ್ರಿ, ಮರಕ್ಕ ಪೆಟ್ಟು ಆಗಬಾರದು" ಎಂದು ಹಮಾಲರಿಗೆ ಹೇಳಿದರು. ಇದನ್ನೂ ನನಗೆ ಹೇಳಿದ್ದು ವೈನಿಯೇ.

ಹಾಲ್ ದೊಡ್ಡದಾಯಿತು. ಸೌಂಡ್‌ಬಾರ್ ಬಂತು. ಬೆತ್ತದ ಕುರ್ಚಿ ಬಾಲ್ಕನಿಗೆ ಹೋಯಿತು.

ಆತ್ಯಾ ಬಹಳ ಸಾಧುವಾದರು. ಯಾರ ಹಾಡಿನಲ್ಲೂ ತಪ್ಪು ತೆಗೆಯಲಿಲ್ಲ. ಒಗ್ಗರಣೆಗೆ ಎಣ್ಣೆ ಸಾಕೇ ಎಂದು ವೈನಿಯನ್ನು ಕೇಳುವರು. ಹಾಲು ಉಕ್ಕುತ್ತಿದೆಯೇ ನೋಡು ಎಂದು ನನ್ನನ್ನು ಕಳಿಸುವರು. ಫೋನ್ ಬಂದರೆ ಆ ಕಡೆಯವರು ಉಸಿರು ಎಳೆದುಕೊಳ್ಳುವುದನ್ನೂ ಕಾಯದೆ "ಯಾರ್ರಿ? ಯಾರು ಮಾತಾಡೂದು?" ಎನ್ನುವರು. ಜನ ಅವರ ಜೊತೆ ಗಟ್ಟಿಯಾಗಿ ಮಾತಾಡತೊಡಗಿದರು. ಅವರೂ ಕೈಯನ್ನು ಕಿವಿಯ ಹಿಂದೆ ಇಟ್ಟುಕೊಳ್ಳತೊಡಗಿದರು. ಡಾಕ್ಟರರ ಹತ್ತಿರ ಮತ್ತೆ ಹೋಗಲಿಲ್ಲ. ಹೋದರೆ ಏನು ಹೇಳುತ್ತಾರೆಂದು ಗೊತ್ತೇ ಇದೆಯಲ್ಲ ಎಂದರು.

ದೀಪಾವಳಿ ಕಳೆದ ಮೇಲೆ ಸೊಲ್ಲಾಪುರದಲ್ಲಿ ವೈನಿಯ ತಾಯಿ ತೀರಿಕೊಂಡರು. ವೈನಿ ಉತ್ತರಕ್ರಿಯೆ ಮುಗಿಸಿ ಬಂದ ಮಾರನೆಯ ಮಧ್ಯಾಹ್ನ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನೂ ಎದುರಿಗೆ ಕೂತು ಬಿಡಿಸುತ್ತಿದ್ದೆ. ಆತ್ಯಾ ಗೋಡೆಗೆ ಒರಗಿ ಕೂತಿದ್ದರು.

"ನಿಮ್ಮ ಅವ್ವನ ಕೂಡ ಕಡೀ ದಿನದಾಗ ನಾ ನಿನ್ನ ಇರಗೊಡಲಿಲ್ಲ" ಎಂದರು ಆತ್ಯಾ. "ಆ ಫ್ಯಾನಿನ ಪಾಪ ನನಗ ತಟ್ಟೇದ ಹರ್ಷದಾ. ಕೇಳಬಾರದ್ದು ಕೇಳಿದೆ, ಕಿವಿ ಹೋತು. ದೇವರು ಸರಿಯಾಗೇ ಕೊಟ್ಟ."

ವೈನಿಯ ಕೈ ನಿಂತಿತು.

"ದೇವರ ಕೊಟ್ಟದ್ದಲ್ಲ" ಎಂದರು. "ನಾ ಕೊಟ್ಟದ್ದು."

ಆಮೇಲೆ ಎಲ್ಲವನ್ನೂ ಹೇಳಿದರು. ಟಾರ್ಚು, ಕೆಂಪು ವೈರು, ಕಪ್ಪು ವೈರು, ಶನಿವಾರ ನೆಲ ಒರೆಸಿದ್ದು. "ನಿಮ್ಮ ಕಿವಿಗೆ ಏನೂ ಆಗಿಲ್ಲ. ಆವತ್ತ ಡಗ್ಗಾ ಇರಲಿಲ್ಲ, ಹಾಡಾಂವ ನಡುವ ಇರಲಿಲ್ಲ. ನೀವು ಕೇಳಿದ್ದ ಖರೇ. ನಾವೆಲ್ಲಾರೂ ಸುಳ್ಳು."

ಆತ್ಯಾ ಬಹಳ ಹೊತ್ತು ಅವರ ಮುಖ ನೋಡಿದರು. ಮೊದಲಾಗಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

"ಬ್ಯಾಡವಾ" ಎಂದರು. "ನನ್ನ ಸಮಾಧಾನಕ್ಕ ಹಿಂಗ ಹೇಳಬ್ಯಾಡ. ದನಿ ಮ್ಯಾಲೆ ಹೋಗ್ತದ."

"ಹೋಗಿಲ್ಲ."

"ಹೋತು."

ಹೋಗಿರಲಿಲ್ಲ. ನಾನು ಅಲ್ಲೇ ಇದ್ದೆ. ವೈನಿಯ ದನಿ ಕೈಯಲ್ಲಿದ್ದ ಸೊಪ್ಪಿನಷ್ಟು ತಣ್ಣಗಿತ್ತು.

ವೈನಿ ಎದ್ದು ಫೋನ್ ತಂದು ಲಾಲಪ್ಪ ಕಾಕಾಗೆ ಹಚ್ಚಿ, ಸ್ಪೀಕರ್ ಒತ್ತಿ, ಆತ್ಯಾನ ಮುಂದೆ ಹಿಡಿದರು. ಅಂದು ಆತ್ಯಾ ಸ್ವಪ್ನಿಲ್ ಮುಂದೆ ಹಿಡಿದಿದ್ದ ಹಾಗೆಯೇ.

"ಯಾರ್ರಿ?" ಎಂದರು ಆತ್ಯಾ.

"ನಾ ಲಾಲಪ್ಪ, ರೇಣುಬಾಯಿ. ಗುರ್ತ ಸಿಗಲಿಲ್ಲೇನು?"

"ಕಾಕಾ" ಎಂದರು ವೈನಿ, "ಆವತ್ತ ಬಲಗಡಿ ಸ್ಪೀಕರಿನ ವೈರು ಉಲ್ಟಾ ಇತ್ತು. ನೀವು ನೋಡಿದ್ರಿ. ಆತ್ಯಾಗ ಹೇಳ್ರಿ."

ಆ ಕಡೆ ಕಾಕಾ ಉಸಿರು ಎಳೆದುಕೊಂಡದ್ದು ಕೇಳಿಸಿತು. ಅವರ ಹಿಂದೆ ಹಾಡು ನಡೆದಿತ್ತು. ಆತ್ಯಾ ದಿನವೂ ಬೆಳಿಗ್ಗೆ ಹಚ್ಚುತ್ತಿದ್ದ ಅದೇ ಅಭಂಗ. ಡಗ್ಗಾದ ಸದ್ದು ಫೋನಿನಲ್ಲೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

"ಇಲ್ಲಲ್ರಿ" ಎಂದರು ಕಾಕಾ. "ಸರೀನ ಇತ್ತು. ನಾನ ಹಾಕಿದ ವೈರು ಉಲ್ಟಾ ಹೆಂಗ ಆಗ್ತದ? ಅವು ಇನ್ನೂ ಗೋಣಿ ಸುತ್ತಿ ಗೋಡೌನಿನ್ಯಾಗ ಬಿದ್ದಾವ್ರಿ, ಹಚ್ಚೇ ನೋಡಿಲ್ಲ. ಮೊದಲ ಅಂಗಡ್ಯಾಗ ಗಿರಾಕಿ ಗದ್ದಲ. ಇಡ್ತೀನ್ರಿ."

"ಆತ್ಯಾ, ಹಿಂದಿನ ಹಾಡು" ಎಂದೆ ನಾನು. ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು.

"ಯಾವ ಹಾಡು?" ಎಂದು ಆತ್ಯಾ ಕಿವಿಯ ಹಿಂದೆ ಕೈ ಇಟ್ಟುಕೊಂಡರು. ನಿಮ್ಮದೇ ಅಭಂಗ, ನಿಮ್ಮ ಸ್ಪೀಕರಿನದೇ ಸದ್ದು ಎಂದು ನಾನು ಹೇಳಿದೆ. ಅವರು ತಲೆಯಾಡಿಸಿದರು.

"ಅಂಗಡ್ಯಾಗ ಏನರೆ ಹಚ್ಚಿರ್ತಾರವಾ. ಲಾಲಪ್ಪಂದು ದನಿ ನೋಡಿದ್ರೇನು, ಎಷ್ಟ ಸಮ ಇತ್ತು. ಅಂವ ನನಗ ಎಂದೂ ಸುಳ್ಳ ಹೇಳಿದಾಂವಲ್ಲ." ಆಮೇಲೆ ವೈನಿಯ ಮೊಣಕಾಲಿನ ಮೇಲೆ ಕೈಯಿಟ್ಟರು. "ಅವ್ವ ಹೋದಾಗ ಎಲ್ಲಾ ತಪ್ಪು ನಂದ ಅನ್ನಸ್ತದ. ನಾಲ್ಕ ದಿನ ಹೋದ್ರ ಸರಿ ಆಗ್ತದ, ಬಿಡು."

ವೈನಿ ಆ ಕೈಯನ್ನು ತೆಗೆಯಲೂ ಇಲ್ಲ, ಹಿಡಿಯಲೂ ಇಲ್ಲ. ಬಿಡಿಸಿದ ಸೊಪ್ಪು ಎಷ್ಟೋ ಹೊತ್ತು ತಟ್ಟೆಯಲ್ಲಿ ಹಾಗೇ ಇತ್ತು. ಆತ್ಯಾ ಹಾಲ್‌ಗೆ ಹೋಗಿ ಟಿವಿ ಹಚ್ಚಿ, ಸದ್ದನ್ನು ತಮಗೆ ಬೇಕಾದ್ದಕ್ಕಿಂತ ಹೆಚ್ಚು ದೊಡ್ಡದು ಮಾಡಿ ಕೂತರು.